ಧೈರ್ಯ ಆಮೇಲೆ, ಮೊದಲು ತಾರೀಖು ಹೇಳಿ

‘ಈ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಬಿಟ್ಟು ಬೇರೆ ದಾರಿ ಹಿಡಿಯೋಕೆ ಧೈರ್ಯ ಎಲ್ಲಿಂದ ತರೋದು?’

ಸಂಬಳ, ಪಿಎಫ್, ಫೈನಲ್ ಸೆಟಲ್‌ಮೆಂಟ್ ನೋಡಿಕೊಳ್ಳುವ ನನ್ನಂಥವರಿಗೆ ಈ ಪ್ರಶ್ನೆ ಮದುವೆ ಊಟದ ಪಂಕ್ತಿಯಲ್ಲೂ ತಪ್ಪುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನನಗೆ ಸಿಟ್ಟು ಬರುವುದು ಕೇಳುವ ರೀತಿಗೆ. ಅಂಗಡಿಯಲ್ಲಿ ಸಾಮಾನು ಕೇಳಿದ ಹಾಗೆ ಧೈರ್ಯ ಕೇಳುತ್ತಾರೆ, ಕೈಯಲ್ಲಿ ಒಂದು ಅಂಕಿಯೂ ಇರುವುದಿಲ್ಲ. ತಿಂಗಳ ಖರ್ಚೆಷ್ಟು ಅಂದರೆ ‘ಐವತ್ತೋ ಅರವತ್ತೋ ಆಗಬಹುದು’. ರಾಜೀನಾಮೆ ಕೊಟ್ಟ ಮೇಲೆ ದುಡಿಯಬೇಕಾದ ನೋಟಿಸ್ ಎಷ್ಟು ದಿನ ಅಂದರೆ ಆಫರ್ ಲೆಟರ್ ಹುಡುಕಬೇಕು. ಇಂತಿಷ್ಟು ವರ್ಷ ದುಡಿಯದೆ ಬಿಟ್ಟರೆ ಹಣ ಕಟ್ಟುತ್ತೇನೆ ಅಂತ ಬರೆದುಕೊಟ್ಟ ಬಾಂಡ್ ಇದೆಯಾ ಅಂದರೆ ಮಾತೇ ಇಲ್ಲ. ಮನೆ ಸಾಲ, ಮಕ್ಕಳ ಫೀಸು ತಲೆ ಮೇಲಿಟ್ಟುಕೊಂಡು ಇಷ್ಟು ಕತ್ತಲಲ್ಲಿ ನಿಂತವರಿಗೆ ಹೆದರಿಕೆ ಆಗಲೇಬೇಕು. ಆಗದಿದ್ದರೆ ಅವರ ಮನೆಯವರ ಬಗ್ಗೆ ನನಗೆ ಹೆದರಿಕೆಯಾಗುತ್ತದೆ.

‘ಯಾವ ತಾರೀಖಿಗೆ ಬಿಡಲಿ?’ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವುದಕ್ಕೆ ಎಷ್ಟೊಂದಿದೆ.

ಗ್ರಾಚ್ಯುಟಿಯನ್ನೇ ನೋಡಿ, ಅಂದರೆ ದುಡಿದ ವರ್ಷಗಳಿಗೆ ಹೊರಡುವಾಗ ಕಂಪನಿ ಒಟ್ಟಿಗೆ ಕೊಡುವ ದುಡ್ಡು. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆ (ಡಿಎ) ಸೇರಿಸಿ (2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾನೂನಿನಂತೆ ಇದು ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇದ್ದರೆ ಅರ್ಧವನ್ನೇ ಹಿಡಿಯಬೇಕು), 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. ಹೀಗೆ ಹಿಡಿದ ಸಂಬಳ 40,000 ಇದ್ದವರಿಗೆ ಐದು ವರ್ಷಕ್ಕೆ ಸುಮಾರು 1,15,000 ರೂಪಾಯಿ. ಐದು ತುಂಬುವುದಕ್ಕೆ ಸ್ವಲ್ಪ ಮೊದಲೇ ಹೊರಟರೆ ಎಚ್‌ಆರ್ ಜತೆ ವಾದಕ್ಕೆ ನಿಲ್ಲಬೇಕು, ತುಂಬಿದ ಮೇಲೆ ವಾದವೇ ಇಲ್ಲ. ದುಡಿದ ನೋಟಿಸ್ ಅವಧಿಯೂ ಸೇವೆಯೇ, ಹಾಗಾಗಿ 90 ದಿನದ ನೋಟಿಸ್ ಇದ್ದವರು ನಾಲ್ಕೂಮುಕ್ಕಾಲು ವರ್ಷಕ್ಕೆ ಪತ್ರ ಕೊಟ್ಟರಾಯಿತು ಅಂದುಕೊಳ್ಳುತ್ತಾರೆ. ಕಂಪನಿ ‘ನಾಳೆಯಿಂದಲೇ ಬರಬೇಡಿ’ ಅಂದುಬಿಟ್ಟರೆ ದಿನ ಕಡಿಮೆ ಬೀಳುತ್ತದೆ. ಅವಸರವಿಲ್ಲದಿದ್ದರೆ ಐದು ತುಂಬಿಸಿಯೇ ಪತ್ರ ಕೊಡಿ. ವರ್ಷದ ಬೋನಸ್ಸಿಗೂ ಇದೇ ಎಚ್ಚರ ಬೇಕು. ದುಡ್ಡು ಕೈಗೆ ಬರುವ ದಿನ ನೋಟಿಸಿನಲ್ಲಿ ಇರಬಾರದು ಅನ್ನುವ ನಿಯಮ ಬಹಳ ಕಂಪನಿಗಳಲ್ಲಿದೆ.

ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಸಹೋದ್ಯೋಗಿಗಳು ಹೇಳುವುದನ್ನು ನಂಬಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಸದೆ ಬಿಟ್ಟಾಗ 2 ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಬಾಂಡನ್ನು ಎತ್ತಿಹಿಡಿಯಿತು. ಎಲ್ಲ ಬಾಂಡಿಗೂ ಇದೇ ಗತಿ ಅಂತಲ್ಲ, ಮೊತ್ತ ನ್ಯಾಯವಾಗಿದೆಯೇ ಅನ್ನುವುದನ್ನು ನೋಡುತ್ತಾರೆ. ಆದರೆ ಬಾಂಡ್ ಮುಗಿಯುವ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇರಲೇಬೇಕು.

ಇನ್ನು ಆರೋಗ್ಯ ವಿಮೆ. ಅತಿ ಹೆಚ್ಚು ಅನಾಹುತ ನಡೆಯುವುದು ಇಲ್ಲಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ, ಅದರಲ್ಲಿ ಅಪ್ಪ ಅಮ್ಮ ಇದ್ದರೆ ಅವರದ್ದೂ ನಿಲ್ಲುತ್ತದೆ. ಸ್ವಂತ ಪಾಲಿಸಿ ಮಾಡಿಸಿದರೆ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಹಣ ಸಿಗುವುದಿಲ್ಲ. ಮೊದಲೇ ಇರುವ ಶುಗರ್, ಬಿಪಿಯಂಥದ್ದಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಬಿಡುವ ಯೋಚನೆ ಬಂದ ತಿಂಗಳೇ ಪಾಲಿಸಿ ಮಾಡಿಸಿ, ಕಾಯುವ ಗಡಿಯಾರ ಸಂಬಳ ಬರುವಾಗಲೇ ಓಡಲಿ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇದೆ, ಗುಂಪು ವಿಮೆಯಲ್ಲಿ ಕಳೆದ ವರ್ಷಗಳಷ್ಟು ಕಾಯುವ ಅವಧಿ ಕಡಿಮೆಯಾಗುತ್ತದೆ. ಅದರ ಅರ್ಜಿ ಹೊರಡುವ ಮೊದಲೇ ಹೋಗಬೇಕು.

ಮನೆಯ ಲೆಕ್ಕಕ್ಕೆ ಬನ್ನಿ. ತಿಂಗಳಿಗೆ 60,000, ಹನ್ನೆರಡು ತಿಂಗಳಿಗೆ 7,20,000 ಕೂಡಿಟ್ಟರೆ ಒಂದು ವರ್ಷ ನಿಶ್ಚಿಂತೆ ಅನ್ನುತ್ತಾರೆ. ವರ್ಷಕ್ಕೊಮ್ಮೆ ಬರುವವು ಎಲ್ಲಿ ಹೋದವು? ಶಾಲೆಯ ಫೀಸು 1,20,000, ಗಾಡಿ ಮತ್ತು ಟರ್ಮ್ ವಿಮೆ 40,000, ಹಬ್ಬ, ಊರು, ಮದುವೆ ಮುಂಜಿಗೆ 30,000 ಹಾಕಿ. ಒಟ್ಟು 9,10,000 ಆಯಿತು. ನಿಮ್ಮ ಒಂದು ವರ್ಷದ ದುಡ್ಡು ಒಂಬತ್ತೂವರೆ ತಿಂಗಳಿಗೇ ಮುಗಿಯಿತು. ಅಕ್ಟೋಬರಿನಲ್ಲಿ ಬಿಟ್ಟವರು ಮೇ, ಜೂನ್ ಹೊತ್ತಿಗೆ ಫೀಸು ಕಟ್ಟುವಾಗ ಬೆವರುವುದು ಇದಕ್ಕೇ. ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸನ್ನು ಉಳಿತಾಯದಲ್ಲಿ ಸೇರಿಸಬೇಡಿ, ಮನೆ ಖಾಲಿ ಮಾಡುವವರೆಗೆ ಅದು ಓನರ್ ಕೈಯಲ್ಲಿರುವ ದುಡ್ಡು. ಪಿಎಫ್ ಕೂಡ ಸೇರಿಸಬೇಡಿ. ಐದು ವರ್ಷದ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯ ಕಂಪನಿಯ ಖಾತೆಯನ್ನು ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಈ ಐದರಲ್ಲಿ ಸೇರುತ್ತವೆ.

ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ತೀರಿಸಿಯೇ ಹೊರಡಿ. ಮನೆ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ಬದಲಾಯಿಸುವ ಯೋಚನೆಯಿದ್ದರೆ ಸ್ಯಾಲರಿ ಸ್ಲಿಪ್ ಇರುವಾಗಲೇ ಮಾಡಿ. ಆಮೇಲೆ ಬ್ಯಾಂಕಿನವರು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ.

ಎಷ್ಟು ತಿಂಗಳ ದುಡ್ಡು ಬೇಕು ಅನ್ನುವುದನ್ನು ನೀವು ಹೋಗುವ ದಾರಿ ಹೇಳುತ್ತದೆ, ನಿಮ್ಮ ಉತ್ಸಾಹ ಹೇಳುವುದಿಲ್ಲ. ಮೇಷ್ಟ್ರಾಗಬೇಕು ಅಂದರೆ ಬಿ.ಎಡ್. ಎರಡು ವರ್ಷ. ವಕೀಲರಾಗಬೇಕು ಅಂದರೆ ಪದವಿಯ ಮೇಲೆ ಮೂರು ವರ್ಷ, ಸನ್ನದು ಪಡೆದ ಮೇಲೆ ಇನ್ನೊಂದು ಕಡೆ ಪೂರ್ಣಾವಧಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ತೋಟ ಮಾಡುವವರಿಗೆ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಜಮೀನು ಕೊಳ್ಳುವುದು ಸುಲಭವಾಗಿದೆ, ಫಸಲು ಮಾತ್ರ ತಿದ್ದುಪಡಿ ಆಗಿಲ್ಲ. ಈಗ ಇಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ. ಮಧ್ಯದಲ್ಲಿ ಬಾಳೆ ಹಾಕಿದರೆ ವರ್ಷದೊಳಗೋ ಸ್ವಲ್ಪ ಆಚೆಗೋ ಮೊದಲ ಗೊನೆ, ಅದೂ ನೀರಿದ್ದರೆ.

ಇದೆಲ್ಲ ಕಾಗದದ ಮೇಲೆ ಬಂದಮೇಲೆ ಒಂದು ಪರೀಕ್ಷೆ ಮಾಡಿ. ಹೊಸ ಕೆಲಸದಲ್ಲಿ ಮೊದಲ ವರ್ಷ ಎಷ್ಟು ಬರಬಹುದೋ ಅಷ್ಟರಲ್ಲೇ ಮೂರು ತಿಂಗಳು ಸಂಸಾರ ನಡೆಸಿ. ಉಳಿದ ಸಂಬಳವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಅದರ ಎಟಿಎಂ ಕಾರ್ಡ್ ಇಟ್ಟುಕೊಳ್ಳಬೇಡಿ. ಎರಡನೇ ತಿಂಗಳಲ್ಲಿ ಜಗಳ ಶುರುವಾಗುತ್ತದೆ. ಆಗಲಿ, ಸಂಬಳ ಇರುವಾಗಲೇ ಆಗಲಿ.

‘ಮನೆಯಲ್ಲಿ ಒಪ್ಪುತ್ತಿಲ್ಲ’ ಅನ್ನುವವರಿಗೂ ಒಂದು ಮಾತು. ಕನಸಿನ ವಿವರಣೆ ಕೊಟ್ಟು ಅಪ್ಪನನ್ನು ಒಪ್ಪಿಸಲು ಹೋಗಬೇಡಿ. ಈ ಹಾಳೆಯನ್ನೇ ಅವರ ಮುಂದಿಡಿ. ತಮ್ಮ ಆಸ್ಪತ್ರೆ ಖರ್ಚು ಯಾವ ಸಾಲಿನಲ್ಲಿದೆ ಅಂತ ಅವರು ಬಾಯಿಬಿಟ್ಟು ಕೇಳುವುದಿಲ್ಲ, ನೀವೇ ಬೆರಳಿಟ್ಟು ತೋರಿಸಿ. ಹೆಂಡತಿಯೋ ಗಂಡನೋ ದುಡಿಯುತ್ತಿದ್ದರೆ ಅವರ ಕಂಪನಿಯ ವಿಮೆಗೆ ನಿಮ್ಮನ್ನು ಯಾವ ತಿಂಗಳಲ್ಲಿ ಸೇರಿಸಬಹುದು ಅಂತ ಮೊದಲೇ ವಿಚಾರಿಸಿ. ವರ್ಷಕ್ಕೊಮ್ಮೆ ಮಾತ್ರ ಆ ಬಾಗಿಲು ತೆರೆಯುವ ಕಂಪನಿಗಳಿವೆ, ಆಗ ನಿಮ್ಮ ರಾಜೀನಾಮೆಯ ತಾರೀಖು ಮತ್ತೆ ಸರಿಯುತ್ತದೆ.