ಸಾವು: ಸೊನ್ನೆ

ಸಿದ್ದಾಪುರದ ಆಚೆಗಿನ ಒಂದು ಕಾಫಿ ತೋಟದಲ್ಲಿ ನಾನು ಹದಿನೇಳು ವರ್ಷಗಳಿಂದ ರೈಟರ್ ಆಗಿದ್ದೇನೆ. ಕೊಡಗಿನ ತೋಟಗಳಲ್ಲಿ ರೈಟರ್ ಎಂದರೆ ಚೆಕ್‌ರೋಲ್ ಬರೆಯುವವನು. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಪಂಪಿನ ಡೀಸೆಲ್, ಹೋಂಸ್ಟೇ ಅತಿಥಿಗಳ ಊಟ, ಎಲ್ಲದರ ಲೆಕ್ಕವೂ ನನ್ನ ಮೇಜಿಗೇ ಬರುತ್ತದೆ. ಅತಿಥಿಗಳು ಗಾಳ ಹಾಕಿ ಆಡಲೆಂದು ಮಾಲೀಕರು ತೋಟದ ಕೆರೆಗೆ ಕುರುಡಿ ಮೀನಿನ ಮರಿಗಳನ್ನು ಬಿಡಿಸಿದಾಗ ಆ ಪುಸ್ತಕವೂ ನನ್ನ ಪಾಲಿಗೆ ಬಂತು.

ಕುರುಡಿ ಕರಾವಳಿಯ ಮೀನು. ಸೀಬಾಸ್, ಬ್ಯಾರಮಂಡಿ ಎಂಬ ಹೆಸರುಗಳೂ ಅದಕ್ಕಿವೆ. ಆಳುಗಳು ವಾಸಿಸುವ ನಮ್ಮ ಲೈನ್‌ಮನೆಗಳಲ್ಲಿ ಮಲಯಾಳಿಗಳು ಅದನ್ನು ಕಾಳಾಂಜಿ ಎಂದರೆ ಬಂಗಾಳದಿಂದ ಬಂದವರು ಭೆಟ್ಕಿ ಎನ್ನುತ್ತಾರೆ. ಅಳಿವೆಯ ಉಪ್ಪುನೀರಿನಲ್ಲಿ ಮೊಟ್ಟೆಯೊಡೆದ ಮರಿ ಹೊಳೆ ಹತ್ತಿ ಸಿಹಿನೀರಿನಲ್ಲಿ ಬೆಳೆಯುತ್ತದೆ, ಸಂತಾನಕ್ಕಾಗಿ ಮತ್ತೆ ಅಳಿವೆಗೆ ಇಳಿಯುತ್ತದೆ. ಭಾರತದಲ್ಲಿ ಇದರ ಮರಿ ಮಾಡುವ ವಿಧಾನವನ್ನು ಚೆನ್ನೈನಲ್ಲಿರುವ, ಚೌಳುನೀರಿನ ಮೀನು-ಸೀಗಡಿ ಸಾಕಣೆಯ ಸಂಶೋಧನೆ ಮಾಡುವ ಸಿಬಾ ಸಂಸ್ಥೆಯವರು 1997ರಲ್ಲಿ ಸಾಧಿಸಿದ್ದರಿಂದ, ಈಗ ಮರಿಗಳು ಹ್ಯಾಚರಿಯಲ್ಲೇ ಸಿಗುತ್ತವೆ. ಉಪ್ಪಿನಂಶವನ್ನು ಹಂತಹಂತವಾಗಿ ತಗ್ಗಿಸಿ ಸಿಹಿನೀರಿಗೆ ಹೊಂದಿಸಿದ ಎರಡಿಂಚಿನ 600 ಮರಿಗಳು, ಮಳೆ ತಗ್ಗಿದ ಸೆಪ್ಟೆಂಬರ್ ಕೊನೆಯಲ್ಲಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ನಮ್ಮಲ್ಲಿಗೆ ಬಂದವು.

ಪುಸ್ತಕದಲ್ಲಿ ನಾನು ನಾಲ್ಕು ಕಾಲಂ ಎಳೆದೆ: ತಾರೀಕು, ಹಾಕಿದ ಮೇವು, ಸಾವು, ಷರಾ. ಪ್ರತಿದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಒಂದು ಸುತ್ತು ಬಂದು, ತೇಲುವ ಮೀನು ಒಂದೂ ಕಾಣದಿದ್ದುದರಿಂದ ‘ಸಾವು: ಸೊನ್ನೆ’ ಎಂದು ಬರೆಯುತ್ತಿದ್ದೆ. ಅಕ್ಟೋಬರ್, ನವೆಂಬರ್ ಹೀಗೇ ಕಳೆದವು. ಮೇವು ಮಾತ್ರ ವಾರದಿಂದ ವಾರಕ್ಕೆ ಮಿಗತೊಡಗಿತು. ಡಿಸೆಂಬರ್ ಹೊತ್ತಿಗೆ ಅದಕ್ಕೊಂದು ಕಾರಣವೂ ಸಿಕ್ಕಿತು: 26ರಿಂದ 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹಿತವಾಗಿರುವ ಈ ಮೀನು, ನಮ್ಮ ಚಳಿಗೆ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಮೇವಿಗೆ ಬಾಯಿ ಹಾಕುವುದೇ ಕಡಿಮೆ. ಕಾರಣ ನಿಜವೇ ಆಗಿತ್ತು. ಆದರೆ ಮೇವು ಮಿಗತೊಡಗಿದ್ದು ಚಳಿ ಬರುವುದಕ್ಕೂ ಒಂದು ತಿಂಗಳು ಮೊದಲು. ಅದು ನನ್ನದೇ ಅಕ್ಷರದಲ್ಲಿ ಪುಸ್ತಕದಲ್ಲಿತ್ತು, ನಾನು ಹಿಂದಿನ ಪುಟ ತಿರುಗಿಸಿ ನೋಡಲಿಲ್ಲ.

ಫೆಬ್ರವರಿ ಕೊನೆಗೆ ರೊಬಸ್ಟಾ ಕಾಫಿ ಹೂ ಬಿಡಲೆಂದು ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಕಿದೆವು. ಕೆರೆ ಮೊಣಕಾಲುದ್ದಕ್ಕೆ ಇಳಿದಾಗ ಬಲೆ ಎಳೆಸಿ ಎಣಿಸಿದರೆ ಸಿಕ್ಕಿದ್ದು 143. ಕೆಲವು ಗೇಣುದ್ದ ಮೀರಿದ್ದವು, ಕೆಲವು ಇನ್ನೂ ಬೆರಳುದ್ದದಲ್ಲೇ ಇದ್ದವು. ಬಲೆಯ ಮೂಲೆಯಲ್ಲಿದ್ದ ಒಂದರ ಬಾಯಿಂದ ಇನ್ನೊಂದು ಮೀನಿನ ಬಾಲ ಹೊರಗೆ ಚಾಚಿತ್ತು. ಎಳೆದು ತೆಗೆದರೆ ಅದೂ ಕುರುಡಿಯೇ, ತಲೆಯ ಭಾಗ ಆಗಲೇ ಮೆತ್ತಗಾಗಿ ಬೆಳ್ಳಗಾಗಿತ್ತು.

ಕುರುಡಿಯ ಮರಿ ತನ್ನ ಉದ್ದದ ಅರ್ಧಕ್ಕಿಂತಲೂ ಉದ್ದದ ಒಡಹುಟ್ಟನ್ನು ಇಡಿಯಾಗಿ ನುಂಗಬಲ್ಲದು. ಒಂದೇ ದಿನ ಹುಟ್ಟಿದವುಗಳಲ್ಲಿ ತುಸು ಮುಂದೆ ಹೋದದ್ದು ಪಕ್ಕದ್ದನ್ನು ತಿಂದು ಮತ್ತಷ್ಟು ಮುಂದೆ ಹೋಗುತ್ತದೆ. ನುಂಗಿದ ಮೀನು ತೇಲುವುದಿಲ್ಲ, ಹಾಗಾಗಿ ಸೊನ್ನೆ ಎಂದು ನಾನು ಬರೆದ ದಿನಗಳಲ್ಲೇ ಹೆಚ್ಚಿನವು ಹೋಗಿರಬೇಕು. ಸಾಕುವವರು ಮೊದಲ ತಿಂಗಳುಗಳಲ್ಲಿ ಮರಿಗಳನ್ನು ಆಗಾಗ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು ಇದೇ ಕಾರಣಕ್ಕೆ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿದು ಎಎ, ಎ, ಬಿ ಎಂದು ಬೇರೆ ಮಾಡುವುದನ್ನು ವರ್ಷವರ್ಷವೂ ನೋಡುವ ನನಗೆ ಇದು ಹೊಳೆಯಲಿಲ್ಲ ಎಂಬುದೇ ನಾಚಿಕೆ.

ಮುಂದಿನ ವರ್ಷದ ಮರಿಗಳನ್ನು ನೇರವಾಗಿ ಕೆರೆಗೆ ಬಿಡದೆ, ಕೆರೆಯೊಳಗೇ ಕಟ್ಟಿದ ಮೂರು ನೈಲಾನ್ ಹಾಪಗಳಲ್ಲಿ, ಅಂದರೆ ಪೆಟ್ಟಿಗೆಯಾಕಾರದ ಬಲೆಗಳಲ್ಲಿ, ಇಟ್ಟು, ತೂತು ಕೊರೆದ ಪ್ಲಾಸ್ಟಿಕ್ ಕ್ರೇಟಿನಲ್ಲಿ ವಾರಕ್ಕೊಮ್ಮೆ ಸೋಸಿದೆವು. ಸಣ್ಣವು ತೂತಿನಿಂದ ಕೆಳಗಿಳಿಯುತ್ತವೆ, ದೊಡ್ಡವು ಉಳಿಯುತ್ತವೆ. ಬೇಸರದ ಕೆಲಸ, ಇಬ್ಬರು ಆಳುಗಳ ಅರ್ಧ ದಿನ ಹೋಗುತ್ತದೆ. ಆದರೆ ಆ ಫೆಬ್ರವರಿಯಲ್ಲಿ ಎಣಿಸಿದಾಗ 600ರಲ್ಲಿ 431 ಇದ್ದವು.

ಇದೇ ಮೀನುಗಳಿಂದ ಮರಿ ಮಾಡಿಸಿದರೆ ಖರ್ಚು ಉಳಿಯುತ್ತದೆಂದು ಮಾಲೀಕರು ಲೆಕ್ಕ ಹಾಕಿದ್ದರು. ಅದೂ ಆಗದ ಮಾತು. ಕುರುಡಿ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೆ ಗಂಡಾಗಿ ಬಲಿತು, ಆರೇಳು ವರ್ಷದ ಹೊತ್ತಿಗೆ ಹೆಣ್ಣಾಗಿ ಬದಲಾಗುತ್ತದೆ. ಹೆಣ್ಣಾದರೂ ಉಪ್ಪುನೀರಿಲ್ಲದೆ ಸಂತಾನವಾಗದು. ಬೆಳೆಯಲು ಮಾತ್ರ ಸಿಹಿನೀರು ಸಾಕು: ಗಾಳದಲ್ಲಿ ಹಿಡಿದ ಬ್ಯಾರಮಂಡಿಗಳಲ್ಲಿ ವಿಶ್ವದಾಖಲೆಯದು 2010ರಲ್ಲಿ ಆಸ್ಟ್ರೇಲಿಯಾದ ಮಂಡುರಾನ್ ಜಲಾಶಯದಲ್ಲಿ ಸಿಕ್ಕಿತು, ತೂಕ 44.64 ಕಿಲೋ. ಅದೂ ಮರಿ ಬಿಟ್ಟು ಬೆಳೆಸಿದ ಸಿಹಿನೀರಿನ ಜಲಾಶಯವೇ.

ಗಾಳದ ಆಟಕ್ಕೆ ಬಂದರೆ, ಈ ಮೀನಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಮುಳುಗಿದ ಮರದ ಬೊಡ್ಡೆಯ ಬಳಿ ಅಲುಗಾಡದೆ ನಿಂತು, ಹತ್ತಿರ ಬಂದ ಬೇಟೆಯನ್ನು ‘ಟಪ್’ ಎಂಬ ಸದ್ದಿನೊಂದಿಗೆ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಕೊಕ್ಕೆ ನಾಟಿದೊಡನೆ ನೀರಿನಿಂದ ಮೇಲೆ ಹಾರಿ ತಲೆ ಕೊಡವುತ್ತದೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಮೊದಲ ಅತಿಥಿಯ ದಾರ ಅದಕ್ಕೇ ಕತ್ತರಿಸಿಹೋಯಿತು, ನನ್ನ ಹೆಬ್ಬೆರಳೂ ಸೀಳಿತು. ಈಗ ಕೊಕ್ಕೆಯ ಬಳಿ ಮೊಳದುದ್ದ ದಪ್ಪ ದಾರ ಕಟ್ಟಿ ಕೊಡುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಗಾಳಕ್ಕೆಂದೇ ಬರುವವರಿಗೆ, ಈ ಚಳಿಯಲ್ಲಿ ಮೀನು ಕಚ್ಚುವುದು ಅಪರೂಪ ಎಂದು ಫೋನಿನಲ್ಲೇ ಹೇಳಿಬಿಡುತ್ತೇನೆ. ಮಾಲೀಕರಿಗೆ ಅದು ಅಷ್ಟು ಇಷ್ಟವಿಲ್ಲ.

ನಮ್ಮ ಕೆರೆಯ ಕೋಡಿ ತೋಡಿಗೆ ಬೀಳುತ್ತದೆ, ತೋಡು ಕಾವೇರಿಗೆ. ಅಲ್ಲಿ ಕುರುಡಿ ಮರಿ ಮಾಡದಿದ್ದರೂ ಹೊಳೆಯ ಮೀನುಗಳ ಮರಿ ತಿನ್ನದೆ ಬಿಡುವುದಿಲ್ಲ. ಅದಕ್ಕಾಗಿ ಮಳೆ ಹಿಡಿಯುವ ಮೊದಲು ಕೋಡಿಗೆ ಎರಡು ಪದರ ಬಲೆ ಕಟ್ಟಿಸುತ್ತೇನೆ. ಜೂನ್‌ನಿಂದ ದಿನಕ್ಕೆ ಎರಡು ಸಲ ಅದರಲ್ಲಿ ಸಿಕ್ಕಿದ ತರಗೆಲೆ ತೆಗೆಸದಿದ್ದರೆ ನೀರು ಏರಿಯ ಮೇಲೇ ಹರಿಯುತ್ತದೆ. ಪುಸ್ತಕದಲ್ಲಿ ‘ಸಾವು’ ಎಂಬ ಕಾಲಂ ಈಗ ಇಲ್ಲ. ಅದರ ಜಾಗದಲ್ಲಿ ‘ಎಣಿಸಿದ್ದು’ ಎಂದಿದೆ, ಎಣಿಸದ ದಿನ ಅದು ಖಾಲಿ ಇರುತ್ತದೆ.