ಹ್ಯಾಂಡಲ್ ದೋಣಿಗೆ ಎಷ್ಟು ಎಚ್‌ಪಿ? ಲೆಕ್ಕ ಹಾಕುವುದು ತುಂಬಿದ ದೋಣಿಗೆ

ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿ, ಹ್ಯಾಂಡಲ್ ಹಿಡಿದು ತಿರುಗಿಸುವಂಥದ್ದು) ಕೂರಿಸುವ ಕೆಲಸದಲ್ಲಿ ದಿನಾ ಎದುರಾಗುವ ಪ್ರಶ್ನೆ ಒಂದೇ: ‘9.9 ಎಚ್‌ಪಿ ಸಾಕಾ, 25 ಹಾಕಿಸೋದಾ?’ ಕೇಳುವವರ ಕಣ್ಣಮುಂದೆ ಇರುವುದು ಬೆಳಿಗ್ಗೆ ಹೊರಡುವ ಖಾಲಿ ದೋಣಿ. ಆದರೆ ಬಲೆ ಒದ್ದೆಯಾಗಿ, ಮೀನು ತುಂಬಿ, ಇಳಿತದ ನೀರು ಹೊರಕ್ಕೆ ಎಳೆಯುವ ಹೊತ್ತಿಗೆ ಅಳಿವೆ ಬಾಗಿಲಿಗೆ (ನದಿ ಕಡಲು ಸೇರುವಲ್ಲಿಗೆ) ಬರುವ ದೋಣಿಗೇ ಲೆಕ್ಕ ಹಾಕಬೇಕು.

26 ಅಡಿಯ ಒಂದು ಫೈಬರ್ ದೋಣಿ ತೆಗೆದುಕೊಳ್ಳಿ. ಖಾಲಿ ದೋಣಿ 500 ಕೆ.ಜಿ., ನಾಲ್ಕು ಜನ 260, ಒದ್ದೆ ಬಲೆ 150, ಎಂಜಿನ್ ಮತ್ತು ಎಣ್ಣೆ 80, ಮೀನು-ಐಸ್ 300. ಒಟ್ಟು 1.3 ಟನ್ ಹತ್ತಿರ. ನೀರು ಸೀಳಿಕೊಂಡು ಹೋಗುವ ದೋಣಿಗೆ ಟನ್ನಿಗೆ 4ರಿಂದ 5 ಎಚ್‌ಪಿ ಹಿಡಿದರೆ ಹೆಚ್ಚೆಂದರೆ ಆರೂವರೆ ಬರುತ್ತದೆ. ಎದುರು ಗಾಳಿಗೆ, ಅಳಿವೆಯ ಅಲೆಗೆ ಮೂರನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಂಡರೆ ಒಂಬತ್ತರ ಹತ್ತಿರ, ಅಂದರೆ 9.9 ಸಾಕು.

ಇನ್ನೂ ದೊಡ್ಡ ಎಂಜಿನ್ ಹಾಕಿದರೆ ಓಟ ಜಾಸ್ತಿಯಾಗುವುದಿಲ್ಲವೇ ಎಂದರೆ, ಇಂಥ ದೋಣಿಯ ಓಟಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ 24 ಅಡಿ ಇದ್ದರೆ ಸುಮಾರು ಆರೂವರೆ ನಾಟ್, ಅಂದರೆ ಗಂಟೆಗೆ 12 ಕಿ.ಮೀ. ಅದನ್ನು ದಾಟಬೇಕಾದರೆ ದೋಣಿ ನೀರಿನ ಮೇಲೆ ಏಳಬೇಕು. ಅದಕ್ಕೆ ತಕ್ಕ ಚಪ್ಪಟೆ ತಳವೂ ಬೇಕು, ಒಂದೊಂದು ಎಚ್‌ಪಿಗೆ 20-25 ಕೆ.ಜಿ.ಗಿಂತ ಹೆಚ್ಚು ಭಾರವೂ ಇರಬಾರದು. ಇದೇ ದೋಣಿಗೆ 25 ಹಾಕಿದರೆ ತುಂಬಿದಾಗ ಎಚ್‌ಪಿಗೆ 50 ಕೆ.ಜಿ. ದಾಟುತ್ತದೆ. ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಎದುರಿನ ಅಲೆ ಕಾಣುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಎಚ್‌ಪಿಗೆ ಗಂಟೆಗೆ ಅರ್ಧ ಲೀಟರ್ ಹತ್ತಿರ ಕುಡಿಯುತ್ತದೆ. 9.9ಕ್ಕೆ 5 ಲೀಟರ್, 25ಕ್ಕೆ 12. ಸೀಮೆಎಣ್ಣೆ ಸಿಗುವ ಕಷ್ಟದಲ್ಲಿ ಈ ಏಳು ಲೀಟರ್ ಸಣ್ಣ ಮಾತಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಮಾತಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ (ಟ್ರಾಲರ್‌ನಂಥ ದೊಡ್ಡವು) ಜೊತೆ 10 ಎಚ್‌ಪಿ ಮೀರಿದ ಎಂಜಿನ್ ಇರುವ ದೋಣಿಗಳಿಗೂ ನಿಷೇಧ. ಮಳೆಗಾಲದ ಮೀನುಗಾರಿಕೆ ನಂಬಿದವರು 25 ಹಾಕಿಸಿಕೊಂಡರೆ ಆ 61 ದಿನ ಎಂಜಿನ್ ಮನೆಯಲ್ಲೇ.

ಹ್ಯಾಂಡಲ್‌ನಲ್ಲಿ ತಿರುಗಿಸುವ ದೋಣಿಗೆ ಮಿತಿ ಯಾಕೆ ಬಿಗಿ ಎಂದರೆ, ಎಂಜಿನ್ನಿನ ಎಳೆತವೆಲ್ಲ ಒಂದು ಕೈಗೆ ಬರುತ್ತದೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಇರುವ ನಿಯಮ ನೋಡಿ: ಉದ್ದ 16 ಅಡಿ, ಹಿಂಬದಿಯ ಅಗಲ 5 ಅಡಿ ಇದ್ದರೆ ಸ್ಟೀರಿಂಗ್ ಚಕ್ರ ಇರುವ ದೋಣಿಗೆ 70 ಎಚ್‌ಪಿವರೆಗೆ ಬಿಡುತ್ತಾರೆ. ಹ್ಯಾಂಡಲ್ ದೋಣಿಗೆ 40, ತಳ ಚಪ್ಪಟೆಯಿದ್ದರೆ 25 ಮಾತ್ರ. ಇದು ದಾಟಬಾರದ ಗೆರೆ, ಅಷ್ಟು ಹಾಕಲೇಬೇಕೆಂದಲ್ಲ. ಎಂಜಿನ್ ಯಾವುದೇ ಇರಲಿ, ಸ್ಟಾಪ್ ಸ್ವಿಚ್ಚಿನ ಹಗ್ಗ (ಎಳೆದರೆ ಎಂಜಿನ್ ನಿಲ್ಲುವಂಥದ್ದು) ನಡೆಸುವವರ ಮಣಿಕಟ್ಟಿಗೆ ಕಟ್ಟಿರಲೇಬೇಕು. ಜನ ಬಿದ್ದ ಮೇಲೂ ಓಡುವ ದೋಣಿ ಸುತ್ತು ಹೊಡೆದು ಅವರ ಮೇಲೇ ಬರುತ್ತದೆ.

ಎಂಜಿನ್ ಕೂರಿಸುವ ಮೊದಲು ಹಿಂಬದಿ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ. ‘ಟಣ್’ ಎಂದರೆ ಗಟ್ಟಿ, ‘ಡಬ್’ ಎಂದರೆ ಫೈಬರ್ ಒಳಗಿನ ಪ್ಲೈವುಡ್ ನೀರು ಕುಡಿದಿದೆ. ಹಲಗೆ ಪಕ್ಕದ ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೂ ದೊಡ್ಡ ಎಂಜಿನ್ನಿನ ಮಾತೇ ಬೇಡ. ಹಲಗೆಯ ಎತ್ತರ 15 ಇಂಚಿದ್ದರೆ ಗಿಡ್ಡ ಕಾಲಿನ ಎಂಜಿನ್ (ಶಾರ್ಟ್ ಶಾಫ್ಟ್), 20 ಇದ್ದರೆ ಉದ್ದ ಕಾಲಿನದು (ಲಾಂಗ್ ಶಾಫ್ಟ್). ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಮೇಲಿನ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲಾದರೆ ಫ್ಯಾನ್ ಗಾಳಿ ಎಳೆದುಕೊಂಡು ಬರಿದೇ ಸುತ್ತುತ್ತದೆ, ತೀರಾ ಕೆಳಗಾದರೆ ನೀರು ಹಿಡಿದು ಓಟ ಬೀಳುತ್ತದೆ.

‘ಎಂಜಿನ್ನಿಗೆ ಶಕ್ತಿ ಇಲ್ಲ’ ಎಂದು ಬರುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಇರುವುದು ಫ್ಯಾನಿನಲ್ಲಿ. ಪೂರ್ತಿ ಭಾರ ಹಾಕಿ, ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಟ್ಯಾಕೋಮೀಟರ್ ಸಿಕ್ಕಿಸಿ, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡಿ. ಕೈಪಿಡಿಯಲ್ಲಿ 4500-5500 ಎಂದಿದ್ದು 4200 ಮಾತ್ರ ಬರುತ್ತಿದ್ದರೆ ಫ್ಯಾನಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ಲೆಕ್ಕದ ದೂರ, ಹೆಚ್ಚಾಯಿತು. ಒಂದಿಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ, ಇಲ್ಲಿ ಮೂರಿಂಚು ಇಳಿಸಿ ನೋಡಬಹುದು. ಹಾಗೇ ತಿಣುಕಿಸುತ್ತ ಓಡಿಸಿದರೆ, ಅದರಲ್ಲೂ ಸೀಮೆಎಣ್ಣೆ ಎಂಜಿನ್ನಿನಲ್ಲಿ, ಕಾರ್ಬನ್ ಕಟ್ಟಿ ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಖಾಲಿ ದೋಣಿಯಲ್ಲೇ ಪರೀಕ್ಷೆ ಮಾಡಿ ಫ್ಯಾನ್ ಆರಿಸಿದವರಿಗೆ ಈ ತೊಂದರೆ ಹೆಚ್ಚು.

ಆಮೇಲೆ ಹ್ಯಾಂಡಲ್. ಕೈ ಸಡಿಲ ಬಿಟ್ಟಾಗ ದೋಣಿ ಎಡಕ್ಕೆ ಎಳೆದರೆ ಫ್ಯಾನಿನ ಮೇಲಿನ ಆ ತಟ್ಟೆಯ ಕೆಳಗಿನ ಸಣ್ಣ ರೆಕ್ಕೆಯ ಹಿಂತುದಿಯನ್ನೂ ಎಡಕ್ಕೆ ತಿರುಗಿಸಿ ಬೋಲ್ಟ್ ಬಿಗಿ ಮಾಡಿ. ಎಣ್ಣೆ ಕ್ಯಾನು, ಐಸ್ ಪೆಟ್ಟಿಗೆ ನಡುವಿಗೆ ಸರಿಸಿ, ಏಕೆಂದರೆ ಎಂಜಿನ್ನೂ ನಡೆಸುವವರೂ ಆಗಲೇ ಹಿಂದಿದ್ದಾರೆ. ಮೊದಲ ಟ್ರಿಪ್ ಮುಗಿದು ದಡಕ್ಕೆ ಬಂದ ಕೂಡಲೇ ಎಂಜಿನ್ನನ್ನು ಹಲಗೆಗೆ ಹಿಡಿದಿಡುವ ಕ್ಲ್ಯಾಂಪಿನ ಎರಡೂ ತಿರುಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಹಲಗೆ ಅದುಮಿಕೊಂಡು ಅವು ಸಡಿಲವಾಗಿರುತ್ತವೆ.