ಹೋಮೋಪ್ರೊಪಾರ್ಜಿಲ್ ಆಲ್ಕೋಹಾಲ್ ಪ್ರಾಜೆಕ್ಟ್: ಕಲಬುರಗಿ ಬೇಸಿಗೆಯಲ್ಲಿ ಎಲ್ಲಿಗೆ ಬಂತು

ಜಿಂಕ್ ಪುಡಿ, ಪ್ರೊಪಾರ್ಜಿಲ್ ಬ್ರೋಮೈಡ್, ಒಂದು ಆಲ್ಡಿಹೈಡ್, ಅಮೋನಿಯಂ ಕ್ಲೋರೈಡ್ ಕರಗಿಸಿದ ನೀರು. ಇಷ್ಟರಿಂದ ಹೋಮೋಪ್ರೊಪಾರ್ಜಿಲ್ ಆಲ್ಕೋಹಾಲ್ ಮಾಡುವ ಹಂತ ಈಗ ಕೈ ಹಿಡಿದಿದೆ. ಬೆಂಜಾಲ್ಡಿಹೈಡ್, 4-ಕ್ಲೋರೋಬೆಂಜಾಲ್ಡಿಹೈಡ್, ಅನಿಸಾಲ್ಡಿಹೈಡ್, ಮೂರರಿಂದಲೂ ಬಂದ ಆಲ್ಕೋಹಾಲ್ ಕಾಲಮ್ ಶುದ್ಧೀಕರಣ ಮುಗಿಸಿ ಫ್ರಿಜ್ ಸೇರಿವೆ. ಅವುಗಳಿಂದ ಮುಂದೆ ಪರಮಾಣುಗಳ ಉಂಗುರ ಕಟ್ಟುವ ಕೆಲಸ ಈಗಷ್ಟೇ ಶುರುವಾಗಿದೆ.

ಹೊಸಬರಿಗೆ ಒಂದು ಮಾತು. ಓಎಚ್ ಇರುವ ಕಾರ್ಬನ್, ಅದರ ಪಕ್ಕ ಒಂದು ಸಿಎಚ್2, ಅದಾದ ಮೇಲೆ ತ್ರಿಬಂಧ. ಇಷ್ಟೇ ಇದರ ರಚನೆ. ಈ ಪೈಕಿ ತೀರಾ ಚಿಕ್ಕದು 3-ಬ್ಯೂಟೈನ್-1-ಓಲ್, ಅದು ಬಾಟಲಿಯಲ್ಲೇ ಸಿಗುತ್ತದೆ. ಒಂದೇ ಅಣುವಿನಲ್ಲಿ ಓಎಚ್ ಕೂಡ ಇದೆ, ತ್ರಿಬಂಧ ಕೂಡ ಇದೆ, ಎರಡರ ನಡುವೆ ಉಂಗುರ ಮುಚ್ಚಲು ಬೇಕಾದಷ್ಟೇ ಅಂತರ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಆಸೆ.

ಪುಸ್ತಕದ ದಾರಿ ಗ್ರಿನ್ಯಾರ್ಡ್, ಅಂದರೆ ಮೊದಲು ಮೆಗ್ನೀಷಿಯಂ ಜೊತೆ ಬ್ರೋಮೈಡ್ ಸೇರಿಸಿ, ಆಮೇಲೆ ಆಲ್ಡಿಹೈಡ್ ಹಾಕುವುದು. ಅದಕ್ಕೆ ಒಣ ಈಥರ್ ಬೇಕು, ಮೆಗ್ನೀಷಿಯಂ ಎದ್ದೇಳಲಿ ಅಂತ ಚಿಟಿಕೆ ಮರ್ಕ್ಯುರಿಕ್ ಕ್ಲೋರೈಡ್ ಬೇಕು, ತಂಪು ಚೆನ್ನಾಗಿ ಕಾಯಬೇಕು. ಈಥರ್ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಹೊರಗೆ 40 ದಾಟಿರುತ್ತದೆ, ಲ್ಯಾಬಿನ ಒಳಗೂ ಅಂಥ ವ್ಯತ್ಯಾಸವಿಲ್ಲ, ಬಾಟಲಿ ಮುಚ್ಚಳ ತೆಗೆದರೆ ಸಾಕು ಅರ್ಧ ಗಾಳಿಗೇ ಹೋಗುತ್ತದೆ. ಪಾದರಸದ ಉಪ್ಪು ಅಂತೂ ನಮ್ಮ ಸಿಂಕಿಗೆ ಹೋಗಲೇಬಾರದು. ಫಿಲಿಪ್ ಬಾರ್ಬಿಯೆ 1899ರಲ್ಲಿ ಲೋಹ, ಹ್ಯಾಲೈಡ್, ಕಾರ್ಬೊನಿಲ್ (ಆಲ್ಡಿಹೈಡಿನಂಥದ್ದು) ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದರು. ಮರು ವರ್ಷ ಅವರ ಶಿಷ್ಯ ವಿಕ್ಟರ್ ಗ್ರಿನ್ಯಾರ್ಡ್ ಅದನ್ನು ಎರಡು ಹಂತ ಮಾಡಿದರು, 1912ರಲ್ಲಿ ನೊಬೆಲ್ ಬಂತು. ನಮ್ಮೂರಿಗೆ ಗುರುವಿನ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಮೆಗ್ನೀಷಿಯಂ ಬದಲು ಜಿಂಕ್ ಹಾಕಿದರೆ ನೀರು ಇದ್ದರೂ ಕೆಲಸ ನಡೆಯುತ್ತದೆ.

ತೊಂದರೆ ಕೊಟ್ಟದ್ದು ಬೇರೆ ಕಡೆ. ಹಳೇ ಬೆಂಜಾಲ್ಡಿಹೈಡ್ ಬಾಟಲಿಯಲ್ಲಿ ಬೆಂಜೋಯಿಕ್ ಆಸಿಡ್ ಹರಳು ಕೂತಿರುತ್ತವೆ, ಸೋಡಿಯಂ ಕಾರ್ಬೊನೇಟ್ ನೀರಲ್ಲಿ ತೊಳೆದು ಕಡಿಮೆ ಒತ್ತಡದಲ್ಲಿ ಡಿಸ್ಟಿಲ್ ಮಾಡಬೇಕು. ನಮ್ಮಲ್ಲಿರುವುದು ನಲ್ಲಿಗೆ ಹಾಕುವ ನೀರಿನ ಆಸ್ಪಿರೇಟರ್. ಅದು ಎಳೆಯುವ ನಿರ್ವಾತ ನೀರಿನ ಆವಿಯ ಒತ್ತಡದಷ್ಟಕ್ಕೇ ನಿಲ್ಲುತ್ತದೆ. 20 ಡಿಗ್ರಿ ನೀರಾದರೆ 17.5 ಮಿಲಿಮೀಟರ್ ಪಾದರಸದ ತನಕ ಇಳಿಯಬಹುದು, ಮಾಳಿಗೆ ಮೇಲಿನ ಟಾಕಿ ನೀರು 40 ಡಿಗ್ರಿ ಇದ್ದರೆ 55ಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಡಿಸ್ಟಿಲೇಷನ್ ಎಲ್ಲ ಬೆಳಗ್ಗೆ, ಬಿಸಿಲು ಏರುವ ಮುಂಚೆ. ರಿಯಾಕ್ಷನ್ ತಂಪಾಗಿಡುವ ಬರ್ಫ್ (ಐಸ್) ತರುವುದು ಸೂಪರ್ ಮಾರ್ಕೆಟ್ ಕಡೆಯ ಕಬ್ಬಿನ ಹಾಲಿನ ಅಂಗಡಿಯಿಂದ. "ಇಷ್ಟು ಬರ್ಫ್ ತಗೊಂಡು ಏನ್ ಮಾಡ್ತೀರಿ ಮೇಡಂ?" ಅಂತ ಅಣ್ಣ ಕೇಳ್ತಾನೆ. ನಾನು ಹೇಳ್ತೀನಿ, ಅವನು ಪೂರ್ತಿ ಕೇಳ್ತಾನೆ, ಮತ್ತೆ ಒಂದು ತುಂಡು ಜಾಸ್ತಿನೇ ಹಾಕ್ತಾನೆ.

4-ಕ್ಲೋರೋಬೆಂಜಾಲ್ಡಿಹೈಡ್ ಘನವಸ್ತು, ಕರಗುವುದು 47 ಡಿಗ್ರಿ ಹತ್ತಿರ. ಮೇ ತಿಂಗಳಲ್ಲಿ ಕಪಾಟಿನಲ್ಲಿ ಅಂಟಂಟಾಗಿ ಕೂತಿತ್ತು.

ಈಗ ರಿಯಾಕ್ಷನ್. ಜಿಂಕ್ ಪುಡಿಯನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸಿ, ನೀರು, ಎಥನಾಲ್ ಹಾಕಿ ತೊಳೆಯುತ್ತೇನೆ. ಮೇಲಿನ ಆಕ್ಸೈಡ್ ಪೊರೆ ಹೋಗಿ ಮಂಕು ಬಣ್ಣ ತಿಳಿಯಾಗುತ್ತದೆ. ಮೋಲ್ ಲೆಕ್ಕದಲ್ಲಿ ಆಲ್ಡಿಹೈಡ್ 1 ಆದರೆ ಜಿಂಕ್ 3, ಬ್ರೋಮೈಡ್ 1.5. ಟಿಎಚ್‌ಎಫ್ ಎಂಬ ದ್ರಾವಕ ಮತ್ತು ಪರ್ಯಾಪ್ತ ಅಮೋನಿಯಂ ಕ್ಲೋರೈಡ್ ದ್ರಾವಣ ಸೇರಿಸಿ ಬರ್ಫಿನಲ್ಲಿಟ್ಟು, ಬ್ರೋಮೈಡನ್ನು ಹನಿ ಹನಿಯಾಗಿ ಬಿಡಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಬಿಸಿ ಏರುತ್ತದೆ, ಅದಕ್ಕೇ ಶುರುವಿನಲ್ಲಿ ಅವಸರ ಮಾಡಬಾರದು. ಪ್ರೊಪಾರ್ಜಿಲ್ ಬ್ರೋಮೈಡ್ ಕಣ್ಣು ಉರಿಸುವ ವಸ್ತು. ಟೊಲುಯೀನ್ ಬೆರೆಸಿದ 80 ಪ್ರತಿಶತ ದ್ರಾವಣವಾಗಿ ಮಾರುತ್ತಾರೆ, ಯಾಕೆಂದರೆ ಬರೀ ಬ್ರೋಮೈಡ್ ಬಿಸಿಗೆ ಅಥವಾ ಹೊಡೆತಕ್ಕೆ ಸಿಡಿಯಬಲ್ಲದು. ಇದನ್ನು ಹುಡ್ (ಹೊಗೆ ಹೊರಗೆಳೆಯುವ ಗೂಡು) ಬಿಟ್ಟು ಹೊರಗೆ ತೆಗೆಯಲೇಬೇಡಿ. ಸೋಸಿದ ಮೇಲೆ ಉಳಿದ ಜಿಂಕನ್ನು ಒಣಗಲು ಬಿಡಬೇಡಿ, ಒದ್ದೆಯಾಗಿಯೇ ಇಡಿ, ಒಣಗಿದರೆ ಬೆಂಕಿ ಹತ್ತಬಹುದು.

ಟಿಎಲ್‌ಸಿ (ಮಿಶ್ರಣದ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ) ತಟ್ಟೆಯನ್ನು ಪರ್ಮಾಂಗನೇಟ್‌ನಲ್ಲಿ ಅದ್ದಿ ತೆಗೆದರೆ ನೇರಳೆ ತಟ್ಟೆಯ ಮೇಲೆ ಹಳದಿ ಚುಕ್ಕೆ ಮೂಡುತ್ತದೆ. ನೋಡಲು ಖುಷಿ. ಆದರೆ ಆ ಚುಕ್ಕೆ ನಿಜ ಹೇಳುವುದು ಅರ್ಧ ಮಾತ್ರ, ಯಾಕೆಂದರೆ ಜೊತೆಗೆ ಬರಬಹುದಾದ ಅಲೀನ್ ಆಲ್ಕೋಹಾಲ್ (ತ್ರಿಬಂಧದ ಬದಲು ಪಕ್ಕಪಕ್ಕ ಎರಡು ದ್ವಿಬಂಧ ಇರುವುದು) ಕೂಡ ಹೆಚ್ಚು ಕಡಿಮೆ ಅಲ್ಲೇ ಓಡುತ್ತದೆ.

ಈ ಪ್ರಾಜೆಕ್ಟಿನ ಜೀವ ಇರುವುದು ಇಲ್ಲೇ. ಜಿಂಕ್ ಮೂರು ಕಾರ್ಬನ್ ಸರಪಳಿಯ ಒಂದು ತುದಿಯಲ್ಲಿ ಕೂರುತ್ತದೆ, ಆದರೆ ಆಲ್ಡಿಹೈಡಿಗೆ ಹೋಗಿ ಸೇರುವುದು ಎದುರು ತುದಿ. ಜಿಂಕ್ ಅಲೀನಿನ ಮೇಲೆ ಕೂತಿದ್ದರೆ ನಮಗೆ ಬೇಕಾದ ಹೋಮೋಪ್ರೊಪಾರ್ಜಿಲ್ ಸಿಗುತ್ತದೆ, ಪ್ರೊಪಾರ್ಜಿಲ್ ತುದಿಯಲ್ಲಿ ಕೂತಿದ್ದರೆ ಅಲೀನ್ ಸಿಗುತ್ತದೆ. ಇವೆರಡೂ ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ. ತ್ರಿಬಂಧದ ತುದಿಯಲ್ಲಿ ಬರೀ ಹೈಡ್ರೋಜನ್ ಇದ್ದರೆ ಜಿಂಕ್ ನಮ್ಮ ಪರವಾಗಿರುತ್ತದೆ. ಅಲ್ಲಿ ಒಂದು ಗುಂಪು ಸೇರಿಸಿ ಇಂಡಿಯಂ ಬಳಸಿದರೆ ಅಲೀನ್ ಕಡೆಗೇ ವಾಲುತ್ತದೆ.

ಹಾಗಾದರೆ ಯಾವುದು ಸಿಕ್ಕಿದೆ ಅಂತ ಹೇಗೆ ತಿಳಿಯುವುದು? ಮೊದಲು ಐಆರ್, ಅಂದರೆ ಅಣು ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತದೆ ಅಂತ ನೋಡುವ ಪರೀಕ್ಷೆ. 3300ರ ಹತ್ತಿರ ಚೂಪಾದ ಗೆರೆ, 2120ರಲ್ಲಿ ಸಣ್ಣದೊಂದು, ಇದು ತ್ರಿಬಂಧ. 1950ರಲ್ಲಿ ಎದ್ದರೆ ಅಲೀನ್ ಬಂದಿದೆ ಅಂತ ಅರ್ಥ. ಆಮೇಲೆ ಸ್ಯಾಂಪಲ್ ಎನ್‌ಎಂಆರ್‌ಗೆ (ಅಣುವಿನ ಒಂದೊಂದು ಹೈಡ್ರೋಜನ್ ಎಲ್ಲಿದೆ ಅಂತ ತೋರಿಸುವ ಪರೀಕ್ಷೆ) ಹೈದರಾಬಾದಿಗೆ ಹೋಗುತ್ತದೆ. ಬೆಂಜಾಲ್ಡಿಹೈಡಿನಿಂದ ಬಂದ ಆಲ್ಕೋಹಾಲ್‌ನಲ್ಲಿ 2.07 ಪಿಪಿಎಂ ಹತ್ತಿರ ಪುಟ್ಟ ಟ್ರಿಪ್ಲೆಟ್ (ಮೂರು ಕವಲಿನ ಸಿಗ್ನಲ್), ಅದರ ಅಂತರ ಬರೀ 2.6 ಹರ್ಟ್ಜ್. ತುದಿಯ ಹೈಡ್ರೋಜನ್ ತ್ರಿಬಂಧದ ಆಚೆ ಇರುವ ಸಿಎಚ್2 ಜೊತೆ ಮಾತಾಡುತ್ತಿರುವ ಗುರುತು ಅದು, ನಾಲ್ಕು ಬಂಧ ದಾಟಿ. ಸಿಎಚ್2 2.64ರಲ್ಲಿ, ಓಎಚ್ ಹೊತ್ತ ಸಿಎಚ್ 4.87ರಲ್ಲಿ. ಒಂದು ಎಚ್ಚರಿಕೆ: 4.9ರ ಸುತ್ತ ಅಲೀನಿಗೂ ಸಿಗ್ನಲ್ ಇದೆ, ಅಲ್ಲಿ ನೋಡಿ ತೀರ್ಮಾನ ಮಾಡಬೇಡಿ, 5.4ರ ಕಡೆ ನೋಡಿ. ನಮ್ಮ ಮೂರೂ ಸ್ಯಾಂಪಲ್‌ಗಳಲ್ಲಿ ಅಲ್ಲಿ ಗೆರೆ ಸಮತಟ್ಟಾಗಿದೆ, ಅಂದರೆ ಅಲೀನ್ ಇಲ್ಲ. ಆ ಹಾಳೆ ನೋಡಿದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ನೈಟ್ರೋಬೆಂಜಾಲ್ಡಿಹೈಡ್ ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಜಿಂಕ್ ಮತ್ತು ಅಮೋನಿಯಂ ಕ್ಲೋರೈಡ್ ಜೋಡಿ ನೈಟ್ರೋ ಗುಂಪನ್ನೇ ಅಪಕರ್ಷಿಸಿ ಹೈಡ್ರಾಕ್ಸಿಲಮೀನ್ ಮಾಡಬಲ್ಲದು.

ಮುಂದಿನ ರಿಯಾಕ್ಷನ್‌ಗಳಲ್ಲಿ ಕ್ಲಿಕ್ (ತ್ರಿಬಂಧಕ್ಕೆ ಅಜೈಡ್ ಜೋಡಿಸಿ ಟ್ರೈಯಜೋಲ್ ಉಂಗುರ ಮಾಡುವುದು) ಸುಲಭ. ಬೆಂಜೈಲ್ ಅಜೈಡ್, ಕಾಪರ್ ಸಲ್ಫೇಟ್, ಸೋಡಿಯಂ ಆಸ್ಕಾರ್ಬೇಟ್, ಟರ್ಷಿಯರಿ ಬ್ಯೂಟನಾಲ್ ಮತ್ತು ನೀರು. 25 ಡಿಗ್ರಿ ಸುಮಾರಿಗೆ ಗಟ್ಟಿಯಾಗುವ ಈ ಬ್ಯೂಟನಾಲ್ ಇಲ್ಲಿ ಬೇಸಿಗೆ ಪೂರ್ತಿ ದ್ರವವಾಗಿಯೇ ಇರುತ್ತದೆ, ಈ ಒಂದು ವಿಷಯದಲ್ಲಿ ಸೆಕೆ ಉಪಕಾರ ಮಾಡಿದೆ. ಟ್ರೈಯಜೋಲ್ ಬಿಳಿ ಪುಡಿಯಾಗಿ ಕೂತಿತು. 2.07ರ ಟ್ರಿಪ್ಲೆಟ್ ಮಾಯವಾಗಿದೆಯಾ ಅಂತ ನೋಡಿದರೆ ಉತ್ತರ ಸಿಕ್ಕ ಹಾಗೆ.

ನನ್ನ ಮನಸ್ಸು ಇರುವುದು ಪ್ರಿನ್ಸ್ ಸೈಕ್ಲೈಸೇಷನ್ ಮೇಲೆ, ಅಂದರೆ ಈ ಆಲ್ಕೋಹಾಲ್‌ಗೆ ಇನ್ನೊಂದು ಆಲ್ಡಿಹೈಡ್ ಸೇರಿಸಿ ಉಂಗುರ ಮುಚ್ಚುವುದರ ಮೇಲೆ. 2003ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ಲಾ ಲಗುನಾ ವಿಶ್ವವಿದ್ಯಾಲಯದವರು, ಹೋಮೋಪ್ರೊಪಾರ್ಜಿಲ್ ಆಲ್ಕೋಹಾಲ್ ಮತ್ತು ಆಲ್ಡಿಹೈಡಿಗೆ ಒಣ ಫೆರಿಕ್ ಕ್ಲೋರೈಡ್ ಹಾಕಿದರೆ ಆರು ಸದಸ್ಯರ ಡೈಹೈಡ್ರೋಪೈರಾನ್ ಉಂಗುರ ಬರುತ್ತದೆ ಅಂತ ತೋರಿಸಿದರು. ಉಂಗುರ ಮುಚ್ಚಿದಾಗ ತ್ರಿಬಂಧದ ಜಾಗದಲ್ಲಿ ವಿನೈಲ್ ಕ್ಯಾಟಯಾನ್ (ಧನ ವಿದ್ಯುದಂಶದ ಅಯಾನು) ಹುಟ್ಟುತ್ತದೆ, ಕ್ಲೋರೈಡ್ ಬಂದು ಅಲ್ಲೇ ಕೂರುತ್ತದೆ. ಆ ಕ್ಲೋರಿನ್ ಹಿಡಿದು ಮುಂದೆ ಇನ್ನೂ ಬೆಳೆಸಬಹುದು. ಕಬ್ಬಿಣದ ಉಪ್ಪು ಅಗ್ಗ, ಚಿನ್ನ ರುಥೇನಿಯಂ ನಮಗೆ ಎಟುಕುವುದಿಲ್ಲ.

ಆದರೆ ನಾವು ಮಾಡಿದ ಸೆಕೆಂಡರಿ ಆಲ್ಕೋಹಾಲ್‌ಗಳು (ಓಎಚ್ ಹೊತ್ತ ಕಾರ್ಬನ್‌ಗೆ ಎರಡು ಕಾರ್ಬನ್ ಅಂಟಿರುವವು) ಇಲ್ಲಿ ಹಾದಿ ತಪ್ಪಬಹುದು. ಆಲ್ಕೋಹಾಲ್ ಮತ್ತು ಆಲ್ಡಿಹೈಡ್ ಸೇರಿ ನಡುವೆ ಹುಟ್ಟುವ ಆಕ್ಸೋನಿಯಂ ಅಯಾನು ಉಂಗುರ ಮುಚ್ಚುವ ಬದಲು ಆಕ್ಸೋನಿಯಾ-ಕೋಪ್ ಮರುಜೋಡಣೆಗೆ (ಅಣುವಿನ ಒಳಗೇ ಬಂಧಗಳು ಜಾಗ ಬದಲಿಸುವುದು) ಜಾರುತ್ತದೆ. ಅನಿಸಾಲ್ಡಿಹೈಡಿನದ್ದು ಇನ್ನೂ ಕಷ್ಟ, ಆಸಿಡ್ ಸೋಕಿದರೆ ಓಎಚ್ ಕಳಚಿಕೊಂಡು ಬೆಂಜೈಲ್ ಕ್ಯಾಟಯಾನ್ ಆಗಿಬಿಡುತ್ತದೆ. ಹಾಗಾಗಿ ಮೊದಲು 3-ಬ್ಯೂಟೈನ್-1-ಓಲ್ ಜೊತೆ ವಿಧಾನ ಕೂರಿಸಿ, ಆಮೇಲೆ ಕ್ಲೋರೋ ಗುಂಪಿನದ್ದು, ಕೊನೆಗೆ ಅನಿಸಾಲ್ಡಿಹೈಡಿನದ್ದು. ಫೆರಿಕ್ ಕ್ಲೋರೈಡ್ ಗಾಳಿಯ ತೇವ ಕುಡಿಯುತ್ತದೆ, ಮಳೆ ಹಿಡಿಯುವ ಮುಂಚೆ ಇವುಗಳಲ್ಲಿ ಮೊದಲಿನದ್ದಾದರೂ ಮುಗಿಸಬೇಕು ಅಂತ ಗೈಡ್ ಮೇಡಂ ಹೇಳಿದ್ದಾರೆ. ಡೈಕ್ಲೋರೋಮೀಥೇನ್ ಒಣಗಿಸಲು ಇಟ್ಟಿದ್ದೇನೆ, ಸೋಮವಾರ ಶುರು.